ಹಾರ್ಮೋನಿಯಂ ಮೇಷ್ಟ್ರ ದುರ್ಯೋಧನ: ಎಪಿಐ ಮಾಕ್ ಮಾಡ್ತಾ ನಾನು ಕಲಿತ ಪಾಠ

ಮಣಿಕೊಂಡದ ಅಪಾರ್ಟ್‌ಮೆಂಟ್ ಒಂದರ ಕ್ಲಬ್‌ಹೌಸಿನಲ್ಲಿ ಭಾನುವಾರ ಬೆಳಿಗ್ಗೆ ರೆಕಾರ್ಡ್ ಮಾಡಿದ ಮಾತಿನ ಬರಹರೂಪ ಇದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದೆ.

ಭಾನುವಾರ ಹತ್ತು ಗಂಟೆಗೆ ಇಷ್ಟು ಜನ ಎದ್ದು ಬರ್ತೀರ ಅಂತ ನಾನು ಅಂದುಕೊಂಡಿರಲಿಲ್ಲ. ನಮ್ಮದೆಲ್ಲ ಒಂದೇ ಕಥೆ ಅಲ್ವಾ? ಗೇಟಿನಲ್ಲಿ ಸೆಕ್ಯುರಿಟಿ ಹತ್ರ ತೆಲುಗು, ಲಿಫ್ಟಿನಲ್ಲಿ ಹಿಂದಿ, ಗಚ್ಚಿಬೌಲಿ ಆಫೀಸಿನ ಕಾಲಿನಲ್ಲಿ ಇಂಗ್ಲಿಷು. ಇವತ್ತು ಒಂದು ಗಂಟೆ ಕನ್ನಡದಲ್ಲೇ ಟೆಸ್ಟಿಂಗ್ ಬಗ್ಗೆ ಮಾತಾಡೋಣ. ವಿಷಯ: ವೆಬ್ ಅಪ್ಲಿಕೇಶನ್ನಿನ ಪರದೆಗಳನ್ನು ಟೆಸ್ಟ್ ಮಾಡುವಾಗ ಎಪಿಐ ರೆಸ್ಪಾನ್ಸುಗಳನ್ನು ಮಾಕ್ ಮಾಡೋದು ಹೇಗೆ, ಮತ್ತು ಆ ಮಾಕ್ ನಮಗೆ ಸುಳ್ಳು ಹೇಳದ ಹಾಗೆ ನೋಡಿಕೊಳ್ಳೋದು ಹೇಗೆ.

ತಾಲೀಮಿನ ದುರ್ಯೋಧನ

ಮಾಕ್ ಅಂದ್ರೇನು ಅಂತ ನಮ್ಮ ತಾಯಿಗೆ ಒಮ್ಮೆ ವಿವರಿಸಬೇಕಾಗಿ ಬಂತು. "ಭಾನುವಾರವೂ ಅದೇನು ಕುಟ್ತಾ ಇರ್ತೀಯ?" ಅಂತ ಕೇಳಿದ್ರು. ನಮ್ಮೂರು ಮದ್ದೂರಿನ ಹತ್ತಿರ. ಅಲ್ಲೆಲ್ಲ ಊರವರೇ ಸೇರಿ ಕುರುಕ್ಷೇತ್ರ ನಾಟಕ ಆಡ್ತಾರೆ, ನಿಮ್ಮಲ್ಲಿ ಮಂಡ್ಯ, ತುಮಕೂರಿನ ಕಡೆಯವರಿಗೆ ಗೊತ್ತಿರುತ್ತೆ. ತಿಂಗಳುಗಟ್ಟಲೆ ರಾತ್ರಿ ತಾಲೀಮು. ದುರ್ಯೋಧನನ ಪಾತ್ರದವರು ಬೆಂಗಳೂರಲ್ಲಿ ಕೆಲಸದಲ್ಲಿರ್ತಾರೆ, ತಾಲೀಮಿಗೆ ಬರೋಕಾಗಲ್ಲ. ಆಗ ಹಾರ್ಮೋನಿಯಂ ಮೇಷ್ಟ್ರೇ ದುರ್ಯೋಧನನ ಮಾತು ಹೇಳ್ತಾರೆ. ಭೀಮ ಅದಕ್ಕೆ ಉತ್ತರ ಕೊಟ್ಟು ಅಭ್ಯಾಸ ಮಾಡ್ಕೋತಾನೆ. ಅಮ್ಮನಿಗೆ ಹೇಳಿದೆ: ಭೀಮ ನಮ್ಮ ಸ್ಕ್ರೀನು, ದುರ್ಯೋಧನ ಬ್ಯಾಕೆಂಡು, ಹಾರ್ಮೋನಿಯಂ ಮೇಷ್ಟ್ರು ಮಾಕು. ಅಮ್ಮ ತಕ್ಷಣ ಕೇಳಿದ ಪ್ರಶ್ನೆ: "ನಾಟಕದ ದಿನ ಅವನು ಬಂದು ಬೇರೆ ಮಾತು ಹೇಳಿದ್ರೆ?"

ಗೆಳೆಯರೇ, ಇವತ್ತಿನ ಇಡೀ ಮಾತು ಆ ಪ್ರಶ್ನೆಗೆ ಉತ್ತರ.

ಮಾಕ್ ಎಲ್ಲಿ ಕೂರಬೇಕು

ಮೊದಲು ಸ್ವಲ್ಪ ಅಡಿಪಾಯ. ನಿಮ್ಮ ಸ್ಕ್ರೀನಿಗೆ ಡೇಟಾ ಬರೋದು ಎಪಿಐಯಿಂದ. ಟೆಸ್ಟ್ ಓಡಿಸೋ ಪ್ರತಿ ಸಲವೂ ನಿಜವಾದ ಸರ್ವರ್ ಬೇಕು ಅಂದ್ರೆ ಕೆಲಸ ನಡೆಯಲ್ಲ. ಸ್ಟೇಜಿಂಗ್ ಬಿದ್ದಿರುತ್ತೆ, ಇಲ್ಲಾಂದ್ರೆ ಬೇರೆ ಟೀಮಿನವರು ಡೇಟಾ ಅಳಿಸಿರ್ತಾರೆ. ಅದಕ್ಕೇ ಸರ್ವರಿನ ಜಾಗದಲ್ಲಿ ನಾವೇ ಬರೆದಿಟ್ಟ ಉತ್ತರ ಕೊಡ್ತೀವಿ.

ಇದನ್ನ ಮೂರು ಜಾಗದಲ್ಲಿ ಮಾಡಬಹುದು. ಒಂದು, ಕೋಡಿನ ಒಳಗೆ: ಡೇಟಾ ತರುವ ಫಂಕ್ಷನ್ನನ್ನೇ ತೆಗೆದು ಅದರ ಜಾಗದಲ್ಲಿ ಸುಳ್ಳು ಫಂಕ್ಷನ್ ಇಡೋದು. ಎರಡು, ನೆಟ್‌ವರ್ಕಿನ ಬಾಗಿಲಲ್ಲಿ: ರಿಕ್ವೆಸ್ಟ್ ಹೊರಡಲಿ ಬಿಡಿ, ಹೊಸ್ತಿಲಲ್ಲಿ ಹಿಡಿದು ಅಲ್ಲೇ ಉತ್ತರ ಕೊಡೋದು. ಮೂರು, ಪಕ್ಕದಲ್ಲಿ ಒಂದು ಪ್ರತ್ಯೇಕ ಸುಳ್ಳು ಸರ್ವರನ್ನೇ ಓಡಿಸೋದು.

ನಾನು ಸಾಮಾನ್ಯವಾಗಿ ಎರಡನೆಯದಕ್ಕೇ ವೋಟ್ ಹಾಕ್ತೀನಿ. ಮೊದಲನೆಯದರಲ್ಲಿ ಯುಆರ್‌ಎಲ್ ತಪ್ಪಿದ್ದರೂ, ಹೆಡರ್ ಬಿಟ್ಟುಹೋಗಿದ್ದರೂ, ಜೇಸನ್ ಓದುವ ಸಾಲಿನಲ್ಲಿ ಎಡವಟ್ಟಾಗಿದ್ದರೂ ಟೆಸ್ಟಿಗೆ ಗೊತ್ತಾಗಲ್ಲ, ಯಾಕಂದ್ರೆ ಆ ಕೋಡು ಓಡೋದೇ ಇಲ್ಲ. ಬಾಗಿಲಲ್ಲಿ ಹಿಡಿದರೆ ಬಾಗಿಲ ತನಕದ ನಿಮ್ಮ ಕೋಡೆಲ್ಲ ಓಡುತ್ತೆ.

ಇದಕ್ಕೆ ಉಪಕರಣಗಳು ನಿಮಗೆ ಗೊತ್ತಿರುವವೇ. ಸೈಪ್ರೆಸ್‌ನಲ್ಲಿ ಇಂಟರ್‌ಸೆಪ್ಟ್ ಕಮಾಂಡ್ ಇದೆ, 2020ರಲ್ಲಿ 6ನೇ ಆವೃತ್ತಿಯ ಜೊತೆ ಬಂದದ್ದು. ಪ್ಲೇರೈಟಿನಲ್ಲಿ ಪೇಜಿನ ಮೇಲೆ ರೂಟ್ ಹಾಕಿ, ಫುಲ್‌ಫಿಲ್ ಅಂತ ಉತ್ತರ ಕೊಡ್ತೀವಿ. ಮಾಕ್ ಸರ್ವಿಸ್ ವರ್ಕರ್ ಅನ್ನೋ ಲೈಬ್ರರಿ ಬ್ರೌಸರಿನ ಸರ್ವಿಸ್ ವರ್ಕರನ್ನೇ ಬಳಸುತ್ತೆ. ನೋಡೋಕೆ ರಿಕ್ವೆಸ್ಟ್ ನಿಜವಾಗಿಯೇ ಹೋಗಿ ಬಂದ ಹಾಗೆ ಡೆವಲಪರ್ ಟೂಲ್ಸಿನ ನೆಟ್‌ವರ್ಕ್ ಟ್ಯಾಬಿನಲ್ಲೂ ಕಾಣುತ್ತೆ. ಅದೇ ಮಾಕುಗಳನ್ನು ನೋಡ್ ಟೆಸ್ಟಿನಲ್ಲೂ ಬಳಸಬಹುದು.

ಇಲ್ಲಿವರೆಗೆ ಎಲ್ಲ ಡಾಕ್ಯುಮೆಂಟೇಶನ್ನಿನಲ್ಲಿ ಸಿಗುತ್ತೆ. ಈಗ ಡಾಕ್ಯುಮೆಂಟೇಶನ್ನಿನಲ್ಲಿ ಸಿಗದ ಕಥೆಗೆ ಬರ್ತೀನಿ.

40 ರೂಪಾಯಿ ಎಲ್ಲಿ ಹೋಯ್ತು

ನಾನು ಹಿಂದೆ ಇದ್ದ ಒಂದು ಕಂಪನಿ. ಹೆಸರು ಬೇಡ. ಬಿಲ್ ಕಟ್ಟುವ ಒಂದು ಸ್ಕ್ರೀನ್ ನಮ್ಮ ಟೀಮಿನದ್ದು. ಬಿಲ್ಲಿನ ಮೊತ್ತ ಮತ್ತು ಸೇವಾ ಶುಲ್ಕ, ಎರಡು ಅಂಕಿಗಳು ಎಪಿಐಯಿಂದ ಬರ್ತವೆ. ನಾವು ಕೂಡಿಸಿ ಬಟನ್ ಮೇಲೆ ತೋರಿಸ್ತೀವಿ: ಇಷ್ಟು ರೂಪಾಯಿ ಪಾವತಿಸಿ. ಮಾಕಿನಲ್ಲಿ ಮೊತ್ತ 1250, ಶುಲ್ಕ 40. ಟೆಸ್ಟ್ ನೋಡೋದು 1,290.00 ಬಂತಾ ಅಂತ. ಬಂತು. ಹಸಿರು.

ಒಂದು ಗುರುವಾರ ಬ್ಯಾಕೆಂಡಿನವರು ಒಂದು ಬದಲಾವಣೆ ಮಾಡಿದ್ರು. ಮೊತ್ತವನ್ನು ನಂಬರ್ ಬದಲು ಸ್ಟ್ರಿಂಗ್ ಆಗಿ ಕಳಿಸೋಕೆ ಶುರು ಮಾಡಿದ್ರು: ಉದ್ಧರಣ ಚಿಹ್ನೆಯೊಳಗೆ "1250.00". ಒಂದು ಮಾತು ಹೇಳಿಬಿಡ್ತೀನಿ, ಅವರು ಮಾಡಿದ್ದು ತಪ್ಪಲ್ಲ. ದುಡ್ಡನ್ನು ದಶಮಾಂಶದ ನಂಬರಾಗಿ ಸಾಗಿಸಿದರೆ ಅಪಾಯ ಇದೆ. ಜಾವಾಸ್ಕ್ರಿಪ್ಟಿನಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರಲ್ಲ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಹಲವರು ಸ್ಟ್ರಿಂಗಾಗಿ ಕಳಿಸ್ತಾರೆ, ಇಲ್ಲಾ ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಕಳಿಸ್ತಾರೆ. ಆದರೆ ಶುಲ್ಕ ಮಾತ್ರ ನಂಬರಾಗೇ ಉಳಿದಿತ್ತು.

ಈಗ ನೀವೇ ಹೇಳಿ. "1250.00" ಅನ್ನೋ ಸ್ಟ್ರಿಂಗಿಗೆ 40 ಕೂಡಿಸಿದ್ರೆ ಜಾವಾಸ್ಕ್ರಿಪ್ಟ್ ಏನು ಮಾಡುತ್ತೆ? ಕೂಡಿಸಲ್ಲ, ಅಂಟಿಸುತ್ತೆ. "1250.0040" ಅಂತ. ಅದನ್ನ ಎರಡು ದಶಮಾಂಶಕ್ಕೆ ಫಾರ್ಮ್ಯಾಟ್ ಮಾಡಿದ್ರೆ? 1,250.00.

ನೋಡಿ, ಇದೇ ಇದರ ಕ್ರೂರತನ. ಸ್ಕ್ರೀನ್ ಬಿಳಿ ಆಗಲಿಲ್ಲ, ಎರರ್ ಬರಲಿಲ್ಲ. ಅಂದವಾದ, ನಂಬುವಂಥ ಅಂಕಿ ಕಾಣ್ತಾ ಇತ್ತು. ಬಟನ್ ಮೇಲೆ 1,250. ಖಾತೆಯಿಂದ ಹೋಗಿದ್ದು 1,290, ಯಾಕಂದ್ರೆ ಸರ್ವರ್ ತನ್ನ ಲೆಕ್ಕ ಸರಿಯಾಗೇ ಮಾಡ್ತಾ ಇತ್ತು. ನಮ್ಮ ಟೆಸ್ಟುಗಳು? ಎಲ್ಲ ಹಸಿರು. ಮಾಕಿನಲ್ಲಿ ಇನ್ನೂ ನಂಬರ್ 1250 ಕೂತಿತ್ತಲ್ಲ. ಹಾರ್ಮೋನಿಯಂ ಮೇಷ್ಟ್ರು ಹಳೇ ಮಾತನ್ನೇ ಹೇಳ್ತಾ ಇದ್ರು.

ಗುರುವಾರದಿಂದ ಸೋಮವಾರದ ತನಕ ಹೀಗೇ ನಡೀತು. ನಮಗೆ ಗೊತ್ತಾಗಿದ್ದು ಒಬ್ಬ ಗ್ರಾಹಕರ ದೂರಿನಿಂದ. ಹಿರಿಯರು. ಅವರು ಬರೆದಿದ್ದರ ಸಾರ ಇಷ್ಟು: 40 ರೂಪಾಯಿ ದೊಡ್ಡದಲ್ಲ, ತೋರಿಸಿದ್ದು ಒಂದು ತಗೊಂಡಿದ್ದು ಇನ್ನೊಂದು, ಅದು ದೊಡ್ಡದು. ಆ ಸಾಲು ಓದಿದಾಗ ನನಗೆ ನಮ್ಮಪ್ಪನೇ ಬರೆದ ಹಾಗೆ ಅನಿಸ್ತು.

ಆ ಕಾಲಿನಲ್ಲಿ ನಾನು ಸುಮ್ಮನಿದ್ದೆ

ಸೋಮವಾರ ಸಂಜೆ ಕಾಲ್. ಹನ್ನೆರಡು ಜನ. "ಈ ಸ್ಕ್ರೀನಿನ ಟೆಸ್ಟ್ ಬರೆದದ್ದು ಯಾರು?" ಅನ್ನೋ ಪ್ರಶ್ನೆ ಬಂತು. ಬರೆದದ್ದು ನಮ್ಮ ಟೀಮಿನ ಅತಿ ಕಿರಿಯ ಹುಡುಗಿ, ರಾಯಚೂರಿನವಳು, ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಆ ಪುಲ್ ರಿಕ್ವೆಸ್ಟನ್ನು ನೋಡಿ ಒಪ್ಪಿಗೆ ಕೊಟ್ಟವನು ನಾನು. ಆ ಮಾಕ್ ಫೈಲನ್ನು ಅವಳು ನಕಲು ಮಾಡಿದ್ದು ನನ್ನದೇ ಹಳೇ ಫೈಲಿನಿಂದ. ಅವಳು ಮೈಕ್ ಆನ್ ಮಾಡಿ, "ನಾನೇ ಬರೆದಿದ್ದು" ಅಂದಳು. ನಾನು ಮ್ಯೂಟಿನಲ್ಲೇ ಇದ್ದೆ. ಒಂದು ಬಟನ್ ಒತ್ತಿ "ರಿವ್ಯೂ ಮಾಡಿದ್ದು ನಾನು" ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ರೈಸಲ್ ತಿಂಗಳು ಅದು.

ಕಾಲ್ ಮುಗಿದ ಮೇಲೆ ಅವಳು ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ನಂದೇ ತಪ್ಪೇನ್ರಿ ಸರ್?"

ಈ ಪ್ರಶ್ನೆಗೆ ಆಮೇಲೆ ಬರ್ತೀನಿ. ಮೊದಲು ತಾಂತ್ರಿಕವಾಗಿ ತಪ್ಪಿದ್ದು ಎಲ್ಲಿ ಅಂತ ನೋಡೋಣ.

ಮಾಕಿಗೆ ಯಜಮಾನ ಇರಲಿಲ್ಲ

ಬ್ಯಾಕೆಂಡಿನ ಓಪನ್ ಎಪಿಐ ಫೈಲಿನಲ್ಲಿ ಬದಲಾವಣೆ ಬರೆದಿತ್ತು. ರಿಲೀಸ್ ನೋಟಿನಲ್ಲೂ ಒಂದು ಸಾಲು ಇತ್ತು. ನಮ್ಮ ಮಾಕ್ ಫೈಲಿಗೂ ಆ ಫೈಲಿಗೂ ಸಂಬಂಧವೇ ಇರಲಿಲ್ಲ. ಯಾವತ್ತೋ ಯಾರೋ ಬ್ರೌಸರಿನಿಂದ ಕಾಪಿ ಮಾಡಿ ಅಂಟಿಸಿದ ಜೇಸನ್ ಅದು.

"ಟೈಪ್‌ಸ್ಕ್ರಿಪ್ಟ್ ಇರಲಿಲ್ವಾ?" ಅಂತ ಕೇಳ್ತೀರ. ಇತ್ತು. ಮೊತ್ತ ನಂಬರ್ ಅಂತ ನಾವೇ ಟೈಪ್ ಬರೆದಿದ್ವಿ. ಆದರೆ ಟೈಪ್‌ಸ್ಕ್ರಿಪ್ಟಿನ ಟೈಪುಗಳು ಕಂಪೈಲ್ ಆದ ಮೇಲೆ ಅಳಿಸಿ ಹೋಗ್ತವೆ. ಸರ್ವರಿನಿಂದ ಏನು ಬಂತು ಅಂತ ಓಡುವಾಗ ಅದು ನೋಡಲ್ಲ. ನಾವು ಬರೆದ ಟೈಪು, ನಾವು ಬರೆದ ಮಾಕು, ನಾವು ಬರೆದ ಟೆಸ್ಟು. ಪ್ರಶ್ನೆಪತ್ರಿಕೆ ತೆಗೆದವನೇ ಪರೀಕ್ಷೆ ಬರೆದು, ತಾನೇ ತಿದ್ದಿ, ನೂರಕ್ಕೆ ನೂರು ಹಾಕಿಕೊಂಡ ಹಾಗೆ.

ಆಮೇಲೆ ನಾವು ಮೂರು ಬದಲಾವಣೆ ಮಾಡಿದ್ವಿ.

ಮೊದಲನೆಯದು, ಪ್ರತಿ ಮಾಕನ್ನೂ ಬ್ಯಾಕೆಂಡಿನ ಸ್ಕೀಮಾ ಜೊತೆ ಹೋಲಿಸುವ ಒಂದು ಪುಟ್ಟ ಟೆಸ್ಟ್. ಬಿಲ್ಡ್ ಆಗುವಾಗ ಅವರ ಇತ್ತೀಚಿನ ಓಪನ್ ಎಪಿಐ ಫೈಲ್ ತರುತ್ತೆ, ನಮ್ಮ ಮಾಕು ಅದಕ್ಕೆ ಹೊಂದದಿದ್ರೆ ಬಿಲ್ಡ್ ಕೆಂಪು. ಅವತ್ತು ಇದೊಂದಿದ್ದಿದ್ದರೆ ಗುರುವಾರವೇ ಗೊತ್ತಾಗ್ತಿತ್ತು.

ಎರಡನೆಯದು, ಓಡುವಾಗಲೂ ಬಾಗಿಲಲ್ಲಿ ತಪಾಸಣೆ. ಝಾಡ್ ಥರದ ಲೈಬ್ರರಿ ಬಳಸಿ, ದುಡ್ಡಿಗೆ ಸಂಬಂಧಪಟ್ಟ ರೆಸ್ಪಾನ್ಸನ್ನು ಓದಿದ ತಕ್ಷಣ ಆಕಾರ ನೋಡೋದು. ಹೊಂದದಿದ್ರೆ ಪಾವತಿ ಬಟನ್ನೇ ತೋರಿಸಬೇಡಿ. ತಪ್ಪು ಅಂಕಿ ತೋರಿಸೋದಕ್ಕಿಂತ "ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ" ಅನ್ನೋದು ಮರ್ಯಾದೆ.

ಮೂರನೆಯದು, ಮಾಕ್ ಇಲ್ಲದ ರಿಕ್ವೆಸ್ಟ್ ಹೊರಟರೆ ಟೆಸ್ಟ್ ಬೀಳಬೇಕು. ಮಾಕ್ ಸರ್ವಿಸ್ ವರ್ಕರಿನಲ್ಲಿ ಇಂಥ ರಿಕ್ವೆಸ್ಟಿಗೆ ಏನು ಮಾಡಬೇಕು ಅನ್ನೋ ಆಯ್ಕೆ ಇದೆ. ನೀವೇನೂ ಹೇಳದಿದ್ರೆ ಬರೀ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತೆ, ಅದನ್ನ ಎರರ್ ಅಂತ ಬದಲಾಯಿಸಿ. ಕನ್ಸೋಲಿನ ಹಳದಿ ಎಚ್ಚರಿಕೆಯನ್ನು ಯಾರೂ ಓದಲ್ಲ.

ಕೆಟ್ಟ ದಿನಗಳ ಪಟ್ಟಿ

ಆಕಾರ ಸರಿ ಇದ್ದರೆ ಸಾಲದು. ನಮ್ಮ ಮಾಕುಗಳೆಲ್ಲ ಒಳ್ಳೆಯ ದಿನದ ಮಾಕುಗಳು: ತಕ್ಷಣ ಉತ್ತರ, 200, ತುಂಬಿದ ಪಟ್ಟಿ. ನಾಟಕದ ರಾತ್ರಿ ಹಾಗಿರಲ್ಲ. ದುರ್ಯೋಧನ ತಡವಾಗಿ ಬರ್ತಾನೆ, ಮಾತು ಮರೀತಾನೆ, ಜನ "ಒನ್ಸ್ ಮೋರ್" ಅಂದ್ರೆ ಅದೇ ಹಾಡನ್ನ ಮತ್ತೆ ಹಾಡ್ತಾನೆ. ಮಾಕಿನ ನಿಜವಾದ ಉಪಯೋಗ ಇರೋದು ಇಲ್ಲೇ, ಯಾಕಂದ್ರೆ ನಿಜವಾದ ಸರ್ವರಿಗೆ "ಈಗ ಸ್ವಲ್ಪ ಕೆಟ್ಟು ನಿಲ್ಲು" ಅಂತ ಹೇಳೋಕಾಗಲ್ಲ.

ತಡವಾದ ಉತ್ತರ ತಗೊಳ್ಳಿ. ಹುಡುಕುವ ಪೆಟ್ಟಿಗೆಯಲ್ಲಿ ಒಬ್ಬರು "ಮೈ" ಅಂತ ಟೈಪ್ ಮಾಡಿ, ಮುಂದುವರಿದು "ಮೈಸೂರು" ಅಂತಾರೆ. ಮೊದಲನೆಯದಕ್ಕೆ ಎರಡು ಸೆಕೆಂಡ್, ಎರಡನೆಯದಕ್ಕೆ ಕಾಲು ಸೆಕೆಂಡ್ ತಡ ಹಾಕಿ ಮಾಕ್ ಬರೆಯಿರಿ. ಹಳೇ ಉತ್ತರ ಕೊನೆಗೆ ಬಂದು ಹೊಸದನ್ನ ಅಳಿಸಿಹಾಕುತ್ತಾ ಅಂತ ಗೊತ್ತಾಗುತ್ತೆ. ನಿಜವಾದ ಸರ್ವರಿನಲ್ಲಿ ಇದು ಅಪರೂಪಕ್ಕೆ ಒಮ್ಮೆ ಆಗುತ್ತೆ, ಮಾಕಿನಲ್ಲಿ ಬೇಕೆಂದಾಗ ಆಗುತ್ತೆ.

ಸ್ಟೇಟಸ್ ಕೋಡುಗಳು. 401 ಬಂದರೆ, ಅಂದ್ರೆ ಲಾಗಿನ್ ಅವಧಿ ಮುಗಿದಿದ್ರೆ, ತುಂಬಿಸಿದ ಫಾರ್ಮ್ ಉಳಿಯುತ್ತಾ? 404ಕ್ಕೂ ಖಾಲಿ ಪಟ್ಟಿಗೂ ನಿಮ್ಮ ಸ್ಕ್ರೀನ್ ಒಂದೇ ಮಾತು ಹೇಳುತ್ತಾ? 429 ಬಂದರೆ, ಸರ್ವರ್ ಇಷ್ಟು ಹೊತ್ತು ಕಾಯಿರಿ ಅಂತ ಹೆಡರಿನಲ್ಲಿ ಹೇಳಿರಬಹುದು. ಕಾಯ್ತೀರಾ, ಅಥವಾ ಮತ್ತೆ ಮತ್ತೆ ಬಾಗಿಲು ಬಡೀತೀರಾ? ಇನ್ನೊಂದು ತುಂಬ ಜನ ಮರೆಯೋದು: 502 ಬಂದಾಗ ಎಷ್ಟೋ ಸಲ ಒಳಗಿರೋದು ಜೇಸನ್ ಅಲ್ಲ, ಗೇಟ್‌ವೇ ಕಳಿಸಿದ ಎಚ್‌ಟಿಎಂಎಲ್ ಪುಟ. ಅದನ್ನ ಜೇಸನ್ ಅಂತ ಓದೋಕೆ ಹೋಗಿ, ಎರರ್ ತೋರಿಸೋ ಕೋಡೇ ಎರರಿನಲ್ಲಿ ಬೀಳುತ್ತೆ.

"ಒನ್ಸ್ ಮೋರ್" ಕೇಸಂತೂ ದುಡ್ಡಿನ ಸ್ಕ್ರೀನಿಗೆ ಕಡ್ಡಾಯ. ಯುಪಿಐ ಪಾವತಿ ಮಾಡುವಾಗ ನಾವೆಲ್ಲ ನೋಡಿದೀವಿ: ಆಯ್ತು ಅಂತಲೂ ಇಲ್ಲ, ಆಗಲಿಲ್ಲ ಅಂತಲೂ ಇಲ್ಲ, ಪೆಂಡಿಂಗ್. ಆ ಮೂರನೇ ಉತ್ತರಕ್ಕೆ ಮಾಕ್ ಬರೆದಿದೀರಾ? ಆಗ ಪಾವತಿ ಬಟನ್ ಮತ್ತೆ ಒತ್ತೋಕೆ ಆಗುತ್ತಾ? ಒತ್ತಿದ್ರೆ ಎರಡನೇ ರಿಕ್ವೆಸ್ಟ್ ಹೋಗುತ್ತಾ? ಮಾಕಿನಲ್ಲಿ ರಿಕ್ವೆಸ್ಟ್ ಎಷ್ಟು ಸಲ ಬಂತು ಅಂತ ಎಣಿಸಿ. ಒಂದಕ್ಕಿಂತ ಜಾಸ್ತಿ ಬಂದರೆ ಟೆಸ್ಟ್ ಬೀಳಲಿ.

ಮಾಕಿನಲ್ಲಿ ನಮ್ಮ ಜನ ಇರಲಿ

ಇನ್ನೊಂದು ವಿಷಯ, ಇದು ನಮಗೇ ವಿಶೇಷ. ಮಾಕ್ ಡೇಟಾದಲ್ಲಿ ಯಾವಾಗಲೂ ಜಾನ್ ಡೋ ಇರ್ತಾನೆ. ಅವನಿಗೆ ಮೊದಲ ಹೆಸರು, ಕೊನೆಯ ಹೆಸರು, ಎರಡೂ ನೆಟ್ಟಗಿರುತ್ತೆ. ನಮ್ಮಲ್ಲಿ ಎಷ್ಟು ಜನಕ್ಕೆ ಕೊನೆಯ ಹೆಸರು ಅಂದ್ರೆ ಒಂದು ಇನಿಷಿಯಲ್ಲು? ಆ ಜಾಗ ಖಾಲಿ ಬಂದರೆ ನಿಮ್ಮ ಸ್ಕ್ರೀನ್ ಏನು ತೋರಿಸುತ್ತೆ?

ಲಕ್ಷ್ಮಿ ಅನ್ನೋ ಹೆಸರನ್ನ ಕನ್ನಡದಲ್ಲಿ ಹಾಕಿ ನೋಡಿ. ನಮ್ಮ ಕಣ್ಣಿಗೆ ಎರಡೇ ಅಕ್ಷರ. ಜಾವಾಸ್ಕ್ರಿಪ್ಟಿನ ಲೆಂತ್ ಲೆಕ್ಕದಲ್ಲಿ 7. ಹೆಸರು ಉದ್ದ ಆಯ್ತು ಅಂತ ನಾಲ್ಕಕ್ಕೆ ಕತ್ತರಿಸಿದ್ರೆ ಉಳಿಯೋದು "ಲಕ್ಷ". ಪಾಪ, ಆ ಹೆಣ್ಣುಮಗಳ ಹೆಸರು ಸಂಖ್ಯೆಯಾಗಿ ಹೋಯ್ತು.

ಈ ಊರಲ್ಲಿ ಕೂತವರಿಗೆ ಇನ್ನೊಂದು. ಕನ್ನಡದ ರ, ತೆಲುಗಿನ ರ ನೋಡೋಕೆ ಹೆಚ್ಚುಕಡಿಮೆ ಒಂದೇ. ಯೂನಿಕೋಡಿನಲ್ಲಿ ತೆಲುಗಿನದು 3120, ಕನ್ನಡದ್ದು 3248. ಎರಡು ಲಿಪಿಗಳ ಬ್ಲಾಕುಗಳು ಅಕ್ಕಪಕ್ಕದ ಮನೆ, ನಡುವೆ 128ರ ಅಂತರ. ಎರಡು ಕೀಬೋರ್ಡ್ ಇಟ್ಟುಕೊಂಡವರು ಗೊತ್ತಿಲ್ಲದೆ ಬೆರೆಸಿ ಟೈಪ್ ಮಾಡಿದ್ರೆ ಕಣ್ಣಿಗೆ ಸರಿ ಕಾಣುತ್ತೆ, ಹುಡುಕಿದ್ರೆ ಸಿಗಲ್ಲ. ಯೂನಿಕೋಡ್ ನಾರ್ಮಲೈಸೇಶನ್ ಮಾಡಿದ್ರೂ ಇವು ಒಂದಾಗಲ್ಲ. ಇಂಥ ಒಂದು ಹೆಸರು ನಿಮ್ಮ ಮಾಕಿನಲ್ಲಿರಲಿ.

ದಿನಾಂಕವೂ ಹಾಗೇ. 2025-03-31 ಅಂತ ಬರೀ ದಿನಾಂಕ ಬಂದರೆ ಜಾವಾಸ್ಕ್ರಿಪ್ಟ್ ಅದನ್ನ ಯುಟಿಸಿ ಮಧ್ಯರಾತ್ರಿ ಅಂತ ಓದುತ್ತೆ. ಮಣಿಕೊಂಡದಲ್ಲಿ ಅದು ಅದೇ ದಿನ ಬೆಳಿಗ್ಗೆ ಐದೂವರೆ, ಎಲ್ಲ ಸರಿ. ಡಲ್ಲಾಸಿನಲ್ಲಿರೋ ಕ್ಲೈಂಟಿಗೆ ಹಿಂದಿನ ದಿನದ ಸಂಜೆ, ಸ್ಕ್ರೀನಿನಲ್ಲಿ ಮಾರ್ಚ್ 30. ನಮ್ಮ ಮೇಜಿನ ಮೇಲೆ ಈ ಬಗ್ ಯಾವತ್ತೂ ಕಾಣಲ್ಲ. ಪ್ಲೇರೈಟಿನಲ್ಲಿ ಟೈಮ್‌ಝೋನ್ ಬದಲಾಯಿಸಿ ಅದೇ ಮಾಕನ್ನ ಇನ್ನೊಮ್ಮೆ ಓಡಿಸಿ.

ಇಷ್ಟೆಲ್ಲ ಆದ್ಮೇಲೂ ಒಂದು ಮಾತು. ಮಾಕ್ ಹೇಳೋದು ನಿಮ್ಮ ಸ್ಕ್ರೀನಿನ ಬಗ್ಗೆ ಮಾತ್ರ, ಸರ್ವರಿನ ಬಗ್ಗೆ ಅಲ್ಲ. ಅದಕ್ಕೇ ಲಾಗಿನ್, ಪಾವತಿ, ರಸೀದಿ ಥರದ ಮೂರು ನಾಲ್ಕು ಮುಖ್ಯ ದಾರಿಗಳನ್ನಾದರೂ ನಿಜವಾದ ಸ್ಟೇಜಿಂಗ್ ಮೇಲೆ ಪ್ರತಿ ರಾತ್ರಿ ಓಡಿಸಿ. ನಾಟಕದ ಹಿಂದಿನ ದಿನವಾದರೂ ನಿಜವಾದ ದುರ್ಯೋಧನ ಬಸ್ ಹತ್ತಿ ಬರಲೇಬೇಕು.

ಅವಳ ಪ್ರಶ್ನೆಗೆ ಉತ್ತರ

ಈಗ ಆ ಪ್ರಶ್ನೆ. "ನಂದೇ ತಪ್ಪೇನ್ರಿ ಸರ್?" ಅಂತ ಕೇಳಿದಾಗ ನಾನು "ಅಯ್ಯೋ, ಹಾಗೇನಿಲ್ಲ ಬಿಡಮ್ಮ" ಅಂದೆ. ಅದು ಸುಲಭದ ಉತ್ತರ. ಖಾಸಗಿಯಾಗಿ ಸಮಾಧಾನ, ಎಲ್ಲರೆದುರು ಮೌನ. ಯೋಚಿಸಿ ನೋಡಿದ್ರೆ ಅದೂ ನಮ್ಮ ಆ ಸ್ಕ್ರೀನಿನ ಥರಾನೇ: ತೋರಿಸೋದು ಒಂದು, ಲೆಕ್ಕ ಇನ್ನೊಂದು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಬುಧವಾರ ಘಟನೆಯ ವರದಿಯನ್ನ ನಾನೇ ತೆರೆದು ತಿದ್ದಿದೆ. "ಟೆಸ್ಟ್ ಅಸಮರ್ಪಕ" ಅಂತಿದ್ದ ಸಾಲನ್ನ ತೆಗೆದು ಬರೆದೆ: ಮಾಕ್ ಫೈಲ್ ಮೂಲತಃ ನನ್ನದು, ರಿವ್ಯೂ ಮಾಡಿದವನು ನಾನು, ಸ್ಕೀಮಾ ಜೊತೆ ಹೋಲಿಸುವ ವ್ಯವಸ್ಥೆ ಟೀಮಿನಲ್ಲಿ ಇರಲಿಲ್ಲ, ಅದನ್ನ ತರಬೇಕಾದ್ದು ನನ್ನ ಕೆಲಸವಾಗಿತ್ತು. ಅದೇ ಹನ್ನೆರಡು ಜನಕ್ಕೆ ಕಳಿಸಿದೆ. ಆ ವರ್ಷದ ಅಪ್ರೈಸಲ್ ಚೆನ್ನಾಗಿ ಆಗಲಿಲ್ಲ, ಅದಕ್ಕೆ ಇದೇ ಕಾರಣ ಅಂತ ಹೇಳಲಾರೆ. ಆದರೆ ಸ್ಕೀಮಾ ಹೋಲಿಸುವ ಮೊದಲ ಟೆಸ್ಟ್ ಬರೆದದ್ದು ಅವಳೇ. ನಾನು ರಿವ್ಯೂ ಮಾಡಿದೆ, ಈ ಸಲ ಒಂದೊಂದು ಸಾಲೂ ಓದಿ.

ನಿಮ್ಮಲ್ಲಿ ಸೀನಿಯರ್‌ಗಳಿಗೆ ಇಷ್ಟೇ ಹೇಳೋದು: ಊರು ಬಿಟ್ಟು ಬಂದು, ಪಿಜಿಯಲ್ಲಿದ್ದುಕೊಂಡು, ಮನೆಗೆ ದುಡ್ಡು ಕಳಿಸೋ ಹುಡುಗ ಹುಡುಗಿಯರು ನಮ್ಮ ಟೀಮಿನಲ್ಲಿದ್ದಾರೆ. ಹಸಿರು ಟಿಕ್ಕಿನ ಹಿಂದೆ ನಮ್ಮ ಒಪ್ಪಿಗೆಯೂ ಇದೆ ಅನ್ನೋದನ್ನ ಟಿಕ್ಕು ಕೆಂಪಾದಾಗಲೂ ನೆನಪಿಟ್ಟುಕೊಳ್ಳೋಣ.

ಸಭಿಕರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಬ್ಯಾಕೆಂಡ್ ಟೀಮ್ ಓಪನ್ ಎಪಿಐ ಫೈಲೇ ಕೊಡಲ್ಲ. ಏನ್ಮಾಡೋದು?

ಉತ್ತರ: ನಿಜವಾದ ಉತ್ತರಗಳನ್ನ ರೆಕಾರ್ಡ್ ಮಾಡ್ಕೊಳ್ಳಿ. ಪ್ಲೇರೈಟಿನಲ್ಲಿ ಎಚ್‌ಎಆರ್ ಫೈಲಾಗಿ ಹಿಡಿದು ಮತ್ತೆ ಆಡಿಸೋ ಸೌಲಭ್ಯ ಇದೆ. ಆದ್ರೆ ರೆಪೊಸಿಟರಿಗೆ ಹಾಕೋ ಮುಂಚೆ ಮೊಬೈಲ್ ನಂಬರ್, ಆಧಾರ್, ಟೋಕನ್ ಎಲ್ಲ ತೆಗೀರಿ. ಆಗಾಗ ಹೊಸದಾಗಿ ರೆಕಾರ್ಡ್ ಮಾಡೋಕೆ ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕಿ, ಇಲ್ಲಾಂದ್ರೆ ಅದೂ ಹಳಸಿದ ಅನ್ನ ಆಗುತ್ತೆ.

ಪ್ರಶ್ನೆ: ಮಾಕ್ ಸರ್ವಿಸ್ ವರ್ಕರ್, ಪ್ಲೇರೈಟ್ ಎರಡೂ ಹಾಕಿದೀನಿ. ಪ್ಲೇರೈಟಿನ ರೂಟ್ ಕೆಲಸಾನೇ ಮಾಡ್ತಿಲ್ಲ ಸರ್.

ಉತ್ತರ: ಸರ್ವಿಸ್ ವರ್ಕರ್ ಮೊದಲೇ ಹಿಡಿದ ರಿಕ್ವೆಸ್ಟ್ ಪ್ಲೇರೈಟಿನ ರೂಟಿಗೆ ಕಾಣಲ್ಲ. ಒಂದೇ ನಾಟಕಕ್ಕೆ ಇಬ್ಬರು ಹಾರ್ಮೋನಿಯಂ ಮೇಷ್ಟ್ರು ಬೇಡ. ಪ್ಲೇರೈಟ್ ಸೆಟ್ಟಿಂಗಿನಲ್ಲಿ ಸರ್ವಿಸ್ ವರ್ಕರುಗಳನ್ನ ಬ್ಲಾಕ್ ಮಾಡಿ, ಇಲ್ಲಾ ಒಬ್ಬರನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಈಗಿರೋ ನೂರಾರು ಮಾಕುಗಳನ್ನ ಎಲ್ಲಿಂದ ಶುರು ಮಾಡಿ ಸರಿ ಮಾಡೋದು?

ಉತ್ತರ: ನಾಳೆ ಸೋಮವಾರ. ದುಡ್ಡು ತೋರಿಸೋ ಒಂದೇ ಒಂದು ಸ್ಕ್ರೀನ್ ತಗೊಳ್ಳಿ. ಅದರ ಮಾಕನ್ನ ಇವತ್ತಿನ ನಿಜವಾದ ರೆಸ್ಪಾನ್ಸ್ ಪಕ್ಕ ಇಟ್ಟು ಸಾಲುಸಾಲಾಗಿ ಓದಿ. ಅರ್ಧ ಗಂಟೆ ಕೆಲಸ. ವ್ಯತ್ಯಾಸ ಸಿಕ್ಕಿದ್ರೆ ಈ ವಿಡಿಯೋ ಕೆಳಗೆ ಕಾಮೆಂಟ್ ಹಾಕಿ, ಕನ್ನಡದಲ್ಲೇ.

ಟೀ ಬಂದಿದೆ.